ಪುಟ್ಟಿ ಒಣಗುವ ತನಕ

ನಮ್ಮಪ್ಪನಿಗೆ ಜೀವನದಲ್ಲಿ ಒಂದೇ ಒಂದು ಸಲ ಫ್ಯಾಷನ್ ಹುಚ್ಚು ಹಿಡಿದಿತ್ತು. ಆ ಹುಚ್ಚಿನಲ್ಲಿ ಹಾಲ್‌ನ ನಾಲ್ಕೂ ಗೋಡೆಗೆ ಮುಳ್ಳುಮುಳ್ಳಾಗಿ ಗಾರೆ ಹೊಡೆಸಿ, ಮೇಲೆ ಕಂದು ಬಣ್ಣ ಬಳಿಸಿ, ಮೂರು ದಿನ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಆಮೇಲೆ ಇಪ್ಪತ್ತೆರಡು ವರ್ಷ ಬೇಕಂತಲೇ ಆ ಕಡೆ ನೋಡದೆ ಬದುಕಿ ತೀರಿಕೊಂಡರು. ಗೋಡೆ ನಮಗೆ ಉಳಿಯಿತು. ಹಾಗಲಕಾಯಿಯ ಸಿಪ್ಪೆ ಬಿಡಿಸಿ ಉದ್ದಕ್ಕೂ ಅಂಟಿಸಿದ ಹಾಗಿತ್ತು ಅದು. ಒರಗಿದರೆ ಬೆನ್ನು ತರಚುತ್ತಿತ್ತು, ಓಡಾಡಿದರೆ ಮೊಣಕೈ. ನಮ್ಮಕ್ಕ ಅದೇ ಹಾಲ್‌ನಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರ ಬಟ್ಟೆಯನ್ನೆಲ್ಲ ಹೊಲಿಯುತ್ತಾಳೆ. ನಯವಾದ ಬಟ್ಟೆಯ ಸೆರಗು ಗೋಡೆಗೆ ತಾಗಿತೋ, ದಾರ ಕಿತ್ತುಕೊಂಡೇ ಬರುತ್ತಿತ್ತು. ಸತ್ತ ಅಪ್ಪನನ್ನು ಬೈಯಬಾರದು ಎಂದು ಅವಳು ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಅವಳ ಪಾಲಿನದನ್ನೂ ನಾನೇ ಬೈಯುತ್ತಿದ್ದೆ.

ಅಕ್ಕನಿಗೆ ನಲವತ್ತಾರು, ನನಗೆ ನಲವತ್ತೊಂದು. ಇಬ್ಬರಿಗೂ ಮದುವೆಯಾಗಿಲ್ಲ. ಯಾಕೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರವನ್ನು ಅಚ್ಚು ಹಾಕಲು ಬರುವುದಿಲ್ಲ. ಅಚ್ಚಿನ ಮಾತು ಬಂತಲ್ಲ, ಅದೇ ನನ್ನ ಕಸುಬು. ಅಚ್ಚುಕೂಟದ ಹಿಂದಿನ ಕೋಣೆಯಲ್ಲಿ ಕೆಂಪು ಪೆನ್ನು ಹಿಡಿದು ಕರಡು ತಿದ್ದುತ್ತಾ ಹತ್ತೊಂಬತ್ತು ವರ್ಷವಾಯಿತು. ನಾನು ಓದುವುದಿಲ್ಲ, ಅಕ್ಷರ ನೋಡುತ್ತೇನೆ. ಒತ್ತು, ಕೊಂಬು, ದೀರ್ಘ, ಅಷ್ಟೇ. ಒಮ್ಮೆ ನನ್ನ ಶಾಲೆಯ ಮೇಷ್ಟ್ರು ತೀರಿಕೊಂಡ ಸುದ್ದಿಯ ಪುಟವನ್ನು ನಾನೇ ತಿದ್ದಿ, ಸಹಿ ಹಾಕಿ ಕಳಿಸಿದ್ದೆ. ಅವರು ಸತ್ತದ್ದು ನನಗೆ ತಿಳಿದದ್ದು ಎರಡು ತಿಂಗಳ ಮೇಲೆ, ದಾರಿಯಲ್ಲಿ ಸಿಕ್ಕ ಅವರ ಮಗ "ನೀವು ಬರಲೇ ಇಲ್ವಲ್ಲ" ಅಂದಾಗ.

ಮನೆಯಲ್ಲಿ ನನ್ನ ಹೆಸರು ಪುಟ್ಟಿ. ಎಪ್ಪತ್ತೆಂಟು ಕಿಲೋ ತೂಗುವ ಪುಟ್ಟಿ. ಹಾಗೆ ಕರೆಯುವವರಲ್ಲಿ ಅಪ್ಪ ಅಮ್ಮ ಇಬ್ಬರೂ ಹೋಗಿ ಉಳಿದವಳು ಅಕ್ಕ ಒಬ್ಬಳೇ. ಗೋಡೆಯ ಕೆಲಸ ಶುರುವಾಗುವ ಒಂದು ವಾರ ಮೊದಲು ಅವಳೂ ಕರೆಯುವುದನ್ನು ನಿಲ್ಲಿಸಿದಳು. ನನ್ನ ಜೊತೆ ಮಾತು ಬಿಟ್ಟಳು. ತಪ್ಪು ನನ್ನದೇ. ಅವಳಿಗೆ ಬಂದ ಪತ್ರವನ್ನು ನಾನು ತಿದ್ದಿಬಿಟ್ಟೆ.

ಬರೆದವನು ಗೋಡೆ ಕೆಲಸದ ಪೇಂಟರ್. ಮೊಣಕಾಲು ಹರಿದ ಪ್ಯಾಂಟುಗಳನ್ನು ತಂದು ಅಕ್ಕನ ಹತ್ತಿರ ತೇಪೆ ಹಾಕಿಸುತ್ತಿದ್ದವನು. ಮೊದಲು ತಿಂಗಳಿಗೊಂದು ಪ್ಯಾಂಟು ಬರುತ್ತಿತ್ತು, ಆಮೇಲೆ ವಾರಕ್ಕೊಂದು, ಕೊನೆಗೆ ವಾರಕ್ಕೆ ಎರಡು. ಒಬ್ಬ ಮನುಷ್ಯನಿಗೆ ಅಷ್ಟೊಂದು ಮೊಣಕಾಲು ಎಲ್ಲಿಂದ ಬಂತು ಎಂದು ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ನಮ್ಮ ಗೋಡೆ ನೋಡಿ "ಇದನ್ನ ನಾನು ನುಣ್ಣಗೆ ಮಾಡಿ ಕೊಡ್ತೀನಿ" ಅಂದವನೂ ಅವನೇ, ಅಕ್ಕ ಆಯಿತು ಅಂದಿದ್ದಳು.

ಆ ಸಂಜೆ ಕೆಲಸದಿಂದ ಬಂದು ನೋಡಿದರೆ ನನ್ನ ಮೇಜಿನ ಮೇಲೆ, ನಾನು ಮನೆಗೆ ತಂದಿದ್ದ ಕರಡಿನ ಕಟ್ಟಿನ ಮೇಲ್ಗಡೆ, ಎರಡು ಹಾಳೆ ಇದ್ದವು. ಮೊದಲ ಸಾಲೇ ಹೀಗಿತ್ತು: 'ನಿಮ್ಮನ್ನು ನೋಡಿದಾಗೆಲ್ಲ ನನ್ನ ಮನಸ್ಸು ಅಕ್ಕಿಯಂತೆ ಆರುತ್ತದೆ.' ಹಕ್ಕಿಯಂತೆ ಹಾರಬೇಕಾದ ಮನಸ್ಸು ಮೊರದಲ್ಲಿ ಅಕ್ಕಿಯ ಹಾಗೆ ಆರುತ್ತಾ ಕೂತರೆ ನನ್ನ ಕೈ ಸುಮ್ಮನಿರುತ್ತದೆಯೇ? ಕೆಂಪು ಪೆನ್ನು ತಾನಾಗಿಯೇ ಇಳಿಯಿತು. ಮುಂದಿನ ಸಾಲಿನಲ್ಲಿ 'ನೀವು ನನ್ನ ಬಾಲಸಂಗಾತಿ ಆಗಬೇಕು' ಎಂದಿತ್ತು. ಬಾಳಿನ ಸಂಗಾತಿಯನ್ನು ಬಾಲದ ಸಂಗಾತಿ ಮಾಡಿದ್ದ ಮಹಾನುಭಾವ! ನಾನು ಒಬ್ಬಳೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಒಟ್ಟು ಇಪ್ಪತ್ತಮೂರು ತಪ್ಪು. ಎರಡನೆಯ ಹಾಳೆಯಲ್ಲಿ ಒಂದು ಪೂರ್ತಿ ಪ್ಯಾರಾ ಪುಟ್ಟಿ, ಬಿರುಕು ಅಂತ ಗೋಡೆ ಕೆಲಸದ ಮಾತು ಬಂತು. ಪ್ರೇಮಪತ್ರದಲ್ಲಿ ಗೋಡೆಗೆ ಬಳಿಯುವ ಪುಟ್ಟಿಗೇನು ಕೆಲಸ? ಪಕ್ಕದಲ್ಲಿ 'ವಿಷಯಾಂತರ. ತೆಗೆಯಬಹುದು' ಎಂದು ಬರೆದೆ. ಕೊನೆಗೆ ಅಭ್ಯಾಸಬಲದಿಂದ ಕೆಳಗೆ 'ಪರಿಷ್ಕರಿಸಿ ಮತ್ತೊಮ್ಮೆ ಕಳುಹಿಸಿ' ಎಂದು ಗೀಚಿ, ದಿನಾಂಕ ಹಾಕಿ, ಸಹಿಯನ್ನೂ ಹಾಕಿದೆ.

ಬೆಳಗ್ಗೆ ಅಕ್ಕ ಆ ಹಾಳೆಗಳನ್ನು ನೋಡಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಹಾಳೆಗಳನ್ನು ಎಂಟು ಮಡಿಕೆ ಮಡಿಚಿ, ಕತ್ತರಿ ಇಡುವ ಡ್ರಾಯರಿಗೆ ಹಾಕಿ, ಯಂತ್ರದ ಮುಂದೆ ಕೂತಳು. ಆವತ್ತಿನಿಂದ ಬಾಯಿಗೆ ಬೀಗ.

ನನಗೆ ಆಗ ಎರಡು ಹೆದರಿಕೆ ಹುಟ್ಟಿದವು, ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಒಂದು, ಅಕ್ಕ ನಾಚಿಕೆಯಿಂದ ಅವನಿಗೆ ಉತ್ತರವನ್ನೇ ಕೊಡದೆ, ನನ್ನಿಂದಾಗಿ ಅವಳ ಮದುವೆ ಮುರಿದುಬಿದ್ದರೆ? ಇನ್ನೊಂದು, ಅವಳು ಉತ್ತರ ಕೊಟ್ಟುಬಿಟ್ಟರೆ? ಅವಳು ಯಂತ್ರ ಎತ್ತಿಕೊಂಡು ಹೋದ ಮೇಲೆ ಈ ಮನೆಯಲ್ಲಿ ನನ್ನನ್ನು ಪುಟ್ಟಿ ಅನ್ನುವ ಒಂದು ನರಪಿಳ್ಳೆಯೂ ಇರುವುದಿಲ್ಲ. ತಿದ್ದಿದ್ದು ಬರೀ ಚಟದಿಂದಲೋ, ಹೊಟ್ಟೆಕಿಚ್ಚಿನಿಂದಲೋ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಒಂದು ದಿನ ಚಟ ಅನ್ನಿಸಿತು, ಮರುದಿನ ಹೊಟ್ಟೆಕಿಚ್ಚು.

ಇಷ್ಟರಲ್ಲಿ ಪೇಂಟರ್ ಕೆಲಸಕ್ಕೆ ಬಂದ. ಉತ್ತರ ಬರಲಿ ಬಿಡಲಿ, ಒಪ್ಪಿಕೊಂಡ ಕೆಲಸ ಎಂದು ಏಣಿ ಹೊತ್ತುಕೊಂಡು ಬಂದ. ಆರಡಿ ಎತ್ತರ, ಬಾಗಿಲಷ್ಟು ಅಗಲ, ದನಿ ಮಾತ್ರ ಜ್ವರ ಬಂದವರ ಹತ್ತಿರ ಮಾತಾಡುವ ಹಾಗೆ ಮೆತ್ತಗೆ. ಬಂದವನೇ ಹಾಲ್‌ನ ಸಾಮಾನಿಗೆಲ್ಲ ಪ್ಲಾಸ್ಟಿಕ್ ಹೊದಿಸಿದ. ಅಕ್ಕನ ಯಂತ್ರವನ್ನು ಮಾತ್ರ ಮಗುವಿನ ಹಾಗೆ ಎತ್ತಿಕೊಂಡು ಹೋಗಿ ಒಳಕೋಣೆಯ ಕಿಟಕಿಯ ಬಳಿ ಇಟ್ಟ. ಅಕ್ಕ ನೆಲ ನೋಡಿದಳು, ಅವನು ಸೂರು ನೋಡಿದ. ನಾನು ಇಬ್ಬರನ್ನೂ ನೋಡಿದೆ.

ಮೊದಲ ಮೂರು ದಿನ ಬರೀ ಕೆರೆಯುವ ಕೆಲಸ. ಗೋಡೆಗೆ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಅಗಲವಾದ ಅಲಗಿನಿಂದ ಮುಳ್ಳುಗಳ ತಲೆ ಹಾರಿಸುತ್ತಿದ್ದ. ಆ ಕರಕರ ಸದ್ದಿಗೆ ನನ್ನ ಹಲ್ಲಿನ ಬೇರೆಲ್ಲ ಜುಂ ಅನ್ನುತ್ತಿತ್ತು. ಧೂಳು ಸಕ್ಕರೆ ಡಬ್ಬಿಗೂ ಹೊಕ್ಕಿತು, ದಿಂಬಿಗೂ ಹೊಕ್ಕಿತು, ನನ್ನ ಮೂಗಿಗಂತೂ ಬಾಡಿಗೆಗೆ ಬಂದವರ ಹಾಗೆ ಬಂದು ಸೇರಿಕೊಂಡಿತು. ಮಾತು ಬಿಟ್ಟ ಅಕ್ಕ ಈಗ ಅವನ ಮೂಲಕ ಸಂಸಾರ ನಡೆಸತೊಡಗಿದಳು.

"ಕಿಟಕಿ ಹಾಕ್ಬೇಕು ಅಂತ ನಿಮ್ಮ ಹಿಂದೆ ನಿಂತಿರೋರಿಗೆ ಹೇಳಿ" ಅನ್ನುವಳು.

ಅವನು ತಿರುಗಿ ನನಗೆ, "ಮೇಡಂ, ಕಿಟಕಿ ಹಾಕ್ಬೇಕಂತೆ" ಅನ್ನುವನು.

"ಕೈ ಇದ್ದರೆ ಅವಳೇ ಹಾಕ್ಕೊಳ್ಳಲಿ ಅಂತ ಹೇಳಿ" ಅಂದರೆ, ಅವನು ಒಂದು ಗಳಿಗೆ ಯೋಚಿಸಿ ತಾನೇ ಹೋಗಿ ಕಿಟಕಿ ಹಾಕುವನು. ಆ ಮನುಷ್ಯನ ಜೊತೆ ಜಗಳವಾಡಲೂ ಆಗುತ್ತಿರಲಿಲ್ಲ.

ನಾಲ್ಕನೆಯ ದಿನ ಪುಟ್ಟಿ ಹಚ್ಚುವ ಕೆಲಸ ಶುರುವಾಯಿತು. ಬಿಳಿ ಪುಡಿಯನ್ನು ನೀರಲ್ಲಿ ಕಲಸಿ, ಬೆಣ್ಣೆಯ ಹದಕ್ಕೆ ತಂದು, ಅಲಗಿನಿಂದ ಮೊದಲು ಮೇಲಿಂದ ಕೆಳಕ್ಕೆ ಎಳೆಯುವುದು. ಒಣಗಿದ ಮೇಲೆ ಅಡ್ಡಕ್ಕೆ ಇನ್ನೊಂದು ಸಲ. ಆಮೇಲೆ ಮರಳು ಕಾಗದ ಹಿಡಿದು ತೀಡುವುದು. ನಾನು ಒಳಗೆ ಕೂತು ಕರಡು ನೋಡುತ್ತಿದ್ದೆ. ಹಾಲ್‌ನಲ್ಲಿ ಅವನು ಫೋನಿನಲ್ಲಿ ಯಾರಿಗೋ ಹೇಳುತ್ತಿರುವುದು ಕೇಳಿಸಿತು.

"ಈ ಮನೆ ಪುಟ್ಟಿ ಬಹಳ ಗಟ್ಟಿ ಕಣಪ್ಪಾ. ಎಷ್ಟು ತೀಡಿದ್ರೂ ಬಗ್ಗಲ್ಲ. ಮುಖಕ್ಕೆ ಧೂಳು ಎರಚುತ್ತೆ, ಅಷ್ಟೇ. ಇನ್ನು ನನ್ನ ಕೈಲಾಗಲ್ಲ, ಇದನ್ನ ವಾಪಸ್ ತಗೊಂಡು ಬೇರೆ ಕೊಡು."

ನನ್ನ ಮೈಯೆಲ್ಲ ಉರಿದುಹೋಯಿತು. ಪೊರಕೆ ಹಿಡಿದೇ ಹೊರಗೆ ಬಂದೆ.

"ರೀ, ಯಾರ್ರೀ ಗಟ್ಟಿ? ಯಾರನ್ನ ವಾಪಸ್ ಕೊಡೋದು? ನಮ್ಮನೇಲಿ ನಿಂತ್ಕೊಂಡು ನನ್ನನ್ನೇ ತೀಡ್ತೀನಿ ಅಂತೀರಾ?"

ಅವನು ಫೋನು ಹಿಡಿದ ಹಾಗೇ ಕಾಲ ಬಳಿ ಇದ್ದ ಚೀಲವನ್ನು ತೋರಿಸಿದ. ಚೀಲದ ಮೇಲೆ ದಪ್ಪ ಅಕ್ಷರದಲ್ಲಿ 'ಪುಟ್ಟಿ' ಎಂದು ಬರೆದಿತ್ತು. ಒಳಕೋಣೆಯಲ್ಲಿ ಅಕ್ಕನ ಯಂತ್ರ ನಿಂತಿತು. ಅವಳು ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದಾಳೆ ಎಂದು ನನಗೆ ಗೋಡೆಯ ಈಚೆಗೂ ಗೊತ್ತಾಯಿತು. ಇಂಗು ತಿಂದ ಮಂಗನ ಹಾಗೆ ಪೊರಕೆಯಿಂದ ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿ ಒಳಗೆ ಹೋದೆ.

ಎರಡು ಸಲ ಬಳಿದು ತೀಡಿದ ಮೇಲೆ ಅವನು ಒಂದು ದೀಪ ತಂದ. ಅದನ್ನು ಗೋಡೆಗೆ ಒತ್ತಿ ಅಡ್ಡಕ್ಕೆ ಹಿಡಿದರೆ ಬೆಳಕು ಗೋಡೆಯ ಮೈ ಸವರಿಕೊಂಡು ಹೋಗುತ್ತದೆ. ಕಣ್ಣಿಗೆ ಕಾಣದ ಗುಳಿ, ಗೀರು, ದಿಬ್ಬ ಎಲ್ಲ ನೆರಳು ಬಿಟ್ಟುಕೊಂಡು ಎದ್ದು ನಿಲ್ಲುತ್ತವೆ. ಅವನು ನನ್ನ ಕೈಗೆ ದೀಪವನ್ನೂ ಒಂದು ಪೆನ್ಸಿಲನ್ನೂ ಕೊಟ್ಟ.

"ನಿಮಗೆ ಎಲ್ಲಿ ತಪ್ಪು ಕಂಡ್ರೂ ಒಂದು ಸೊನ್ನೆ ಹಾಕಿ ಮೇಡಂ. ನಾಳೆ ಸರಿಮಾಡ್ತೀನಿ. ನಿಮ್ಮ ಕಣ್ಣು ಚುರುಕು ಅಂತ ಅವರು ಹೇಳ್ತಿರ್ತಾರೆ."

ಹಸಿದವಳ ಮುಂದೆ ಎಲೆ ಹಾಕಿದ ಹಾಗಾಯಿತು. ಕಣ್ಣಲ್ಲಿ ಕಣ್ಣಿಟ್ಟು ಹುಡುಕಿ ಒಂದೇ ಗೋಡೆಗೆ ನೂರ ಹನ್ನೆರಡು ಸೊನ್ನೆ ಹಾಕಿದೆ. ಸೊನ್ನೆ ಸಾಲದೆ ನನ್ನ ಕಸುಬಿನ ಗುರುತುಗಳನ್ನೂ ಹಾಕಿದೆ: ಇಲ್ಲಿ ಸೇರಿಸಿ, ಇಲ್ಲಿ ಅಳಿಸಿ, ಇಲ್ಲಿ ಜಾಗ ಬಿಡಿ. ಗೋಡೆಗೆ ದಡಾರ ಎದ್ದ ಹಾಗೆ ಕಾಣುತ್ತಿತ್ತು. ಮರುದಿನ ಅವನು ಬಂದು ನೋಡಿ, "ಆಯ್ತು ಮೇಡಂ" ಎಂದು ಒಂದೊಂದನ್ನೂ ತುಂಬಿ, ತೀಡಿ ಸರಿಮಾಡಿದ. ಸಂಜೆ ಮತ್ತೆ ದೀಪ ಹಿಡಿದೆ. ಎಂಬತ್ತಾರು. "ಆಯ್ತು ಮೇಡಂ." ಮೂರನೆಯ ಸಂಜೆ ಏನೂ ಸಿಗದೆ, ಇದ್ದ ಒಂದು ನೊಣದ ಕಾಲಿನ ಗುರುತಿಗೂ ಸೊನ್ನೆ ಹಾಕಿದೆ.

ಇದೂ ಬರೀ ಚಟವಲ್ಲ. ಒಂದು ಸೊನ್ನೆ ಉಳಿದಿದ್ದರೂ ಆ ಮನುಷ್ಯ ನಾಳೆ ಬರಲೇಬೇಕು. ಅವನು ಬರುತ್ತಿರುವ ತನಕ ಅಕ್ಕನಿಗೆ ಉತ್ತರ ಹೇಳಲು ಸಮಯವಿದೆ. ಅವಳಾಗಿಯೇ ಹೇಳಲಿ, ನನ್ನ ತಪ್ಪು ಹಾಗೇ ಮುಚ್ಚಿಹೋಗಲಿ ಎಂಬ ಆಸೆ ನನ್ನದು. ಜೊತೆಗೆ, ಒಂದಲ್ಲ ಒಂದು ಸೊನ್ನೆಗೆ ಅವನು ಸಿಡುಕಿ ಕೂಗಾಡಿದರೆ, 'ನೋಡಿದೆಯಾ ಇವನ ಬಣ್ಣ' ಎಂದು ಅಕ್ಕನಿಗೆ ತೋರಿಸಬಹುದಿತ್ತು. ಅಷ್ಟು ಕೆಟ್ಟವಳು ನಾನು. ಅವನು ಸಿಡುಕಲಿಲ್ಲ. ನನಗೇ ತಡೆಯಲಾಗಲಿಲ್ಲ.

"ನಿಮಗೆ ಕೋಪ ಅನ್ನೋದೇ ಬರಲ್ವೇನ್ರೀ?" ಎಂದು ಕೇಳಿಯೇಬಿಟ್ಟೆ.

"ಬರುತ್ತೆ ಮೇಡಂ. ಆದ್ರೆ ಈ ದೀಪದಲ್ಲಿ ನೋಡಿದ್ರೆ ಯಾವ ಗೋಡೆನೂ ಪಾಸಾಗಲ್ಲ. ನನ್ನ ಮುಖಕ್ಕೆ ಹಿಡಿದು ನೋಡಿ, ನಿಮ್ಮ ಪೆನ್ಸಿಲ್ ಮುಗಿದುಹೋಗುತ್ತೆ." ಅವನು ಅಲಗನ್ನು ಒರೆಸಿಟ್ಟ. ಕಿವಿ ಕೆಂಪಾಯಿತು. "ಮೇಡಂ, ಅವರಿಗೆ ನಾನೊಂದು ಕಾಗದ ಬರೆದಿದ್ದೆ. ಉತ್ತರ ಬರಲಿಲ್ಲ. ಇಷ್ಟವಿಲ್ಲ ಅನ್ಸುತ್ತೆ. ನಾಳೆ ಬಣ್ಣ ಹೊಡೆದು ಹೋಗ್ತೀನಿ. ಪ್ಯಾಂಟು ಬೇರೆ ಕಡೆ ಕೊಡ್ತೀನಿ. ಅವರಿಗೆ ಮುಜುಗರ ಆಗೋದು ಬೇಡ. ಇಷ್ಟು ಹೇಳಿಬಿಡಿ."

ನಾನು ದೀಪ ಆರಿಸಿ ತಿರುಗಿದೆ. ಅವನು ಆಗಲೇ ಬಕೆಟ್ ತೊಳೆಯಲು ಹೋಗಿಯಾಗಿತ್ತು.

ಮರುದಿನ ಅಚ್ಚುಕೂಟಕ್ಕೆ ಹೊಟ್ಟೆನೋವೆಂದು ಹೇಳಿ ಮನೆಯಲ್ಲೇ ಉಳಿದೆ. ಬೆಳಗ್ಗೆ ಅವನು ಬಂದು, ಏಣಿ ಹತ್ತಿ, ರೋಲರಿನಿಂದ ಬಣ್ಣ ಹೊಡೆಯತೊಡಗಿದ. ಒಂದು ಗೋಡೆ ಮುಗಿಯಿತು. ಎರಡನೆಯದೂ ಮುಗಿಯಿತು. ಮೂರನೆಯದೂ ಮುಗಿದು ನಾಲ್ಕನೆಯದನ್ನು ಹಿಡಿದಾಗ ನಾನು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಅಕ್ಕನ ಯಂತ್ರದ ಗಾಲಿಯ ಮೇಲೆ ಕೈ ಇಟ್ಟು ಅದನ್ನು ನಿಲ್ಲಿಸಿದೆ.

"ಅಕ್ಕಾ, ಬೈ. ಹೊಡಿ. ಆದರೆ ಮಾತಾಡು. ನಾನು ತಿದ್ದಬಾರದಿತ್ತು, ನನ್ನ ಕೈಗೆ ಬರೆ ಹಾಕಬೇಕು. ಹಾಗಂತ ಅವರಿಗೆ ಉತ್ತರ ಕೊಡದೆ ಕೂತರೆ ಹೇಗೆ? ಅವರು ಇವತ್ತು ಹೋಗ್ತಿದ್ದಾರೆ. ಇನ್ನು ಬರಲ್ವಂತೆ."

ಅಕ್ಕ ಮೊದಲ ಸಲ ನನ್ನನ್ನು ನೋಡಿದಳು. ಕಣ್ಣು ಊದಿಕೊಂಡಿತ್ತು.

"ಬೇಡ ಅಂದವಳು ನೀನೇ. ಈಗ ಉತ್ತರ ಕೊಡು ಅನ್ನೋಳೂ ನೀನೇನಾ?"

"ನಾನ್ಯಾವಾಗ ಬೇಡ ಅಂದೆ?"

"ಕೆಂಪಕ್ಷರದಲ್ಲಿ ಬರೆದು ಸಹಿ ಹಾಕಿದ್ದೀಯಲ್ಲೇ! ಆ ಕಾಗದ ನಿನ್ನ ಮೇಜಿನ ಮೇಲೆ ಗಾಳಿಗೆ ಹಾರಿ ಬಂದು ಕೂತಿತ್ತು ಅಂದ್ಕೊಂಡ್ಯಾ? ಬಾಯಿಬಿಟ್ಟು ಕೇಳೋಕೆ ನಾಚಿಕೆ ಆಯ್ತು, ನೀನೇ ಓದಿ ಏನಾದ್ರೂ ಹೇಳ್ತೀಯ ಅಂತ ನಾನೇ ಇಟ್ಟಿದ್ದೆ." ಅವಳು ಡ್ರಾಯರಿನಿಂದ ಆ ಎಂಟು ಮಡಿಕೆಯ ಕಾಗದವನ್ನು ತೆಗೆದು ನನ್ನ ಕೈಗೆ ತುರುಕಿದಳು. "ಇಪ್ಪತ್ತಮೂರು ತಪ್ಪು ಕಂಡುಹಿಡಿದೆ. ಒಂದು ಸಲನಾದ್ರೂ ಅದರಲ್ಲಿ ಏನಿದೆ ಅಂತ ಓದಿದ್ಯಾ? ಎರಡನೇ ಹಾಳೆ ಓದು. ತಿದ್ದಬೇಡ, ಓದು. ಗಟ್ಟಿಯಾಗಿ ಓದು."

ಓದಿದೆ. ಶಾಲೆಯ ಹುಡುಗಿಯ ಹಾಗೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ.

'ಪುಟ್ಟಿ ವಿಷಯ ನಾನು ಮೊದಲೇ ಯೋಚನೆ ಮಾಡಿದ್ದೀನಿ. ಪುಟ್ಟಿ ಬಿಟ್ಟು ನಿಮಗೆ ಆಗಲ್ಲ ಅಂತ ಗೊತ್ತು. ಪುಟ್ಟಿ ಇಲ್ಲದೆ ಕಟ್ಟಿದರೆ ಒಂದೇ ವರ್ಷಕ್ಕೆ ಬಿರುಕು ಬಿಡುತ್ತೆ. ಅದಕ್ಕೆ ನೀವು ನನ್ನ ಮನೆಗೆ ಬರೋದು ಬೇಡ, ನಾನೇ ಅಲ್ಲಿಗೆ ಬರ್ತೀನಿ. ಮೂರು ಜನ ಇರೋಣ. ಮೊದಲು ಪುಟ್ಟಿ ಊಂ ಅನ್ನಲಿ. ಆಮೇಲೆ ನೀವು.'

'ಊಂ' ಎಂಬಲ್ಲಿ ಊಕಾರವನ್ನು ಹೊಡೆದುಹಾಕಿ, ನೀಟಾಗಿ ಹಕಾರ ಬರೆದು 'ಹೂಂ' ಮಾಡಿದ್ದೆ. ಅದರ ಪಕ್ಕದಲ್ಲೇ ನನ್ನದೇ ಮುದ್ದಾದ ಕೈಬರಹ: 'ವಿಷಯಾಂತರ. ತೆಗೆಯಬಹುದು.'

ತೆಗೆಯಬಹುದಾದ ಆ ವಿಷಯ ನಾನು. ಪುಡಿಯಲ್ಲ, ಚೀಲವಲ್ಲ, ನಾನು. ಈ ಮನೆಯಲ್ಲಿ ನಾನು ಒಂಟಿಯಾಗಿಬಿಡುತ್ತೇನೆ ಎಂದು ಹದಿನೇಳು ದಿನ ಒಳಗೊಳಗೇ ಸತ್ತೆನಲ್ಲ, ಆ ಹೆದರಿಕೆ ನನಗಿಂತ ಮೊದಲು ಅವರಿಗೆ ಹೊಳೆದಿತ್ತು. ಅದಕ್ಕೊಂದು ದಾರಿಯನ್ನೂ ಹುಡುಕಿ ಬರೆದಿದ್ದರು. ನಾನು ದಾರಿಯನ್ನು ಬಿಟ್ಟು ದೀರ್ಘ ನೋಡಿದ್ದೆ. ಅಳು ಬಂತು. ಮೂಗಿನಲ್ಲಿದ್ದ ಧೂಳೆಲ್ಲ ಸೇರಿ ಗಂಟಲಿಗೆ ಬಂದು, ಅಳಲೂ ಆಗದೆ ಸೀನಲೂ ಆಗದೆ ವಿಕಾರವಾದ ಒಂದು ಸದ್ದು ಮಾಡಿದೆ.

"ಅಕ್ಕಾ, ನಾನು ಇದನ್ನ ಗೋಡೆ ಪುಟ್ಟಿ ಅಂದ್ಕೊಂಡೆ ಕಣೇ."

ಅಕ್ಕನಿಗೆ ಆಗ ಅರ್ಥವಾಯಿತು. ಹಣೆ ಚಚ್ಚಿಕೊಂಡಳು.

"ನಿನ್ನ ಬುದ್ಧಿಗೆ ಬೆಂಕಿ ಹಾಕ! ನಾನು ಹದಿನೇಳು ದಿನದಿಂದ ಒಳಗೆ ಕೂತು ಅಳ್ತಿದ್ದೀನಿ, ನನ್ನ ತಂಗಿಗೆ ನಾನು ಸುಖವಾಗಿರೋದೇ ಬೇಡ ಅಂತ. ನೀನು ಸಿಮೆಂಟು ಅಂದ್ಕೊಂಡ್ಯಾ?"

"ಸಿಮೆಂಟಲ್ಲ, ಪುಟ್ಟಿ ಬೇರೆ..." ಎಂದು ಶುರುಮಾಡಿದವಳು ಅವಳ ಕಣ್ಣು ನೋಡಿ ಬಾಯಿ ಮುಚ್ಚಿಕೊಂಡೆ. "ಅದು ಹಾಗಿರಲಿ. ನಿನಗೆ ಅವರು ಬೇಕಾ? ನೆಟ್ಟಗೆ ಹೇಳು."

"ಬೇಕು" ಅಂದಳು ಅಕ್ಕ. ನಲವತ್ತಾರು ವರ್ಷದಲ್ಲಿ ಅವಳು ತನಗೆ ಏನಾದರೂ ಬೇಕು ಅಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಂದವಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗದರಿದಳು, "ಹೋಗೇ ಪುಟ್ಟಿ, ಸುಮ್ನೆ ನಿಂತ್ಕೋಬೇಡ. ಅವರು ಏಣಿ ಮಡಿಚಿಬಿಟ್ಟಾರು."

ಹಾಲ್‌ಗೆ ಓಡಿದೆ. ನಾಲ್ಕನೆಯ ಗೋಡೆಯ ಕೊನೆಯ ಮೂಲೆ ಉಳಿದಿತ್ತು. ಹಾಲ್ ಎಷ್ಟು ದೊಡ್ಡದಾಗಿ, ಬೆಳ್ಳಗೆ ಕಾಣುತ್ತಿತ್ತೆಂದರೆ ಒಂದು ಕ್ಷಣ ಯಾರದೋ ಮನೆಗೆ ನುಗ್ಗಿದೆನೇನೋ ಅನ್ನಿಸಿತು. ಅವರು ನನಗೆ ಬೆನ್ನು ಹಾಕಿ ಏಣಿಯ ಮೇಲೆ ನಿಂತಿದ್ದರು. ಪೇಂಟರೇ ಅನ್ನೋಣವೆಂದು ಬಾಯಿ ತೆರೆದೆ. ಅದು ಬರಲಿಲ್ಲ.

"ಭಾವಾ, ಕೆಳಗೆ ಇಳೀರಿ. ಅಕ್ಕ ಕರೀತಿದ್ದಾಳೆ."

ಅವರು ತಿರುಗಿದರು. ನನ್ನನ್ನು ನೋಡಲಿಲ್ಲ. ನನ್ನ ಹೆಗಲಾಚೆ ಬಾಗಿಲ ಕಡೆ ನೋಡಿದರು, ಇನ್ಯಾರು ಬಂದರೋ ಎಂದು.

"ಯಾರೂ ಬಂದಿಲ್ಲ. ನಿಮ್ಮನ್ನೇ ಕರೆದದ್ದು" ಅಂದೆ.

ಅವರು ಎರಡು ಮೆಟ್ಟಿಲು ಇಳಿದು, ಮೂರನೆಯದರ ಮೇಲೆ ರೋಲರ್ ಹಿಡಿದುಕೊಂಡೇ ಕೂತುಬಿಟ್ಟರು. ಅಷ್ಟು ದೊಡ್ಡ ಆಳು ಅಂಗಿಯ ತೋಳಿನಿಂದ ಕಣ್ಣು ಒರೆಸಿ ಒರೆಸಿ ಮುಖಕ್ಕೆಲ್ಲ ಬಿಳಿ ಬಣ್ಣ ಬಳಿದುಕೊಂಡರು.